ಮೊಲದ ಮೈ ಬೋಳಾಗುತ್ತಿದೆಯಾ? ನಾಯಿಯ ಔಷಧಿ ಮಾತ್ರ ಮುಟ್ಟಬೇಡಿ

ಪ್ರಶ್ನೆ: ಡಾಕ್ಟ್ರೇ, ನಾವು ಡೊಂಬಿವಲಿಯಲ್ಲಿರೋದು. ಮಗಳ ಹಟಕ್ಕೆ ಕ್ರಾಫರ್ಡ್ ಮಾರ್ಕೆಟ್‌ನಿಂದ ಒಂದು ಬಿಳಿ ಮೊಲ ತಂದೆವು. ಈಗ ಅದರ ಕತ್ತಿನ ಹಿಂದೆ ಎಂಟಾಣೆ ಅಗಲ ಕೂದಲು ಉದುರಿದೆ, ಸುತ್ತ ಬಿಳಿ ಹೊಟ್ಟು. ಮಗಳ ಮುಂಗೈ ಮೇಲೂ ಕೆಂಪು ಗುಳ್ಳೆ ಎದ್ದು ತುರಿಸುತ್ತಿದೆ. ಪಕ್ಕದ ಮನೆಯವರು ತಮ್ಮ ನಾಯಿಯ ಬೆನ್ನಿಗೆ ಹಾಕುವ ಹನಿ ಔಷಧಿ ಕೊಟ್ಟಿದ್ದಾರೆ. ಅತ್ತೆ ಬೇವಿನಸೊಪ್ಪು ಕುದಿಸಿ ಸ್ನಾನ ಮಾಡಿಸು ಅಂತಾರೆ. ಯಾವುದು ಮಾಡಲಿ?

ಉತ್ತರ: ಎರಡೂ ಬೇಡ. ಮೊದಲು ಆ ಹನಿ ಔಷಧಿಯನ್ನು ವಾಪಸ್ ಕೊಟ್ಟುಬಿಡಿ. ನಾಯಿಗಳ ಚಿಗಟ, ಉಣ್ಣೆಗೆ ಹಾಕುವ ಎಷ್ಟೋ ಹನಿ ಔಷಧಿಗಳಲ್ಲಿ ಫಿಪ್ರೊನಿಲ್ ಇರುತ್ತದೆ. ನಾಯಿಗೆ ಅದು ಸರಿ, ಮೊಲಕ್ಕೆ ವಿಷ. ಮೊದಲು ಊಟ ಬಿಡುತ್ತದೆ, ಮಂಕಾಗುತ್ತದೆ, ಆಮೇಲೆ ಫಿಟ್ಸ್ ಬರುತ್ತದೆ, ಸಾಯಲೂಬಹುದು. ಪರ್ಮೆಥ್ರಿನ್ ಇರುವ ನಾಯಿ ಪೌಡರ್, ಸ್ಪ್ರೇ ಕೂಡ ಬೇಡ. ಈಗಾಗಲೇ ಹಾಕಿದ್ದರೆ ಏನಾಗುತ್ತೆ ನೋಡೋಣ ಅಂತ ಕಾಯಬೇಡಿ, ಬಾಟಲಿ ಸಮೇತ ಈಗಲೇ ಡಾಕ್ಟರ ಹತ್ತಿರ ಹೋಗಿ.

ಅತ್ತೆಯವರಿಗೆ ಬೇಜಾರಾಗದ ಹಾಗೆ ಸ್ನಾನವನ್ನೂ ತಪ್ಪಿಸಿ. ನೀರಿಗಿಳಿಸಿದರೆ ಮೊಲ ಗಾಬರಿಯಿಂದ ಒದೆಯುತ್ತದೆ, ಆ ಒದೆತಕ್ಕೇ ಅದರ ಬೆನ್ನುಮೂಳೆ ಮುರಿಯಬಹುದು. ಒಳಗಿನ ದಟ್ಟ ಕೂದಲು ಬೇಗ ಒಣಗುವುದಿಲ್ಲ, ಮೈ ತಣ್ಣಗಾಗಿ ಶಾಕ್ ಆಗುತ್ತದೆ. ಎಣ್ಣೆ ಹಚ್ಚಿದರೆ ಅದನ್ನು ಪೂರ್ತಿ ನೆಕ್ಕಿ ಹೊಟ್ಟೆಗೆ ಸೇರಿಸುತ್ತದೆ, ಅಷ್ಟೇ.

ಇನ್ನು ಕಾಯಿಲೆ ಏನು ಅಂತ. ಮೊಲದ ವಿಷಯದಲ್ಲಿ ಕೂದಲು ಎಲ್ಲಿ ಉದುರಿದೆ ಅನ್ನೋದೇ ಅರ್ಧ ಉತ್ತರ. ಕತ್ತಿನ ಹಿಂದೆ, ಬೆನ್ನಿನ ಉದ್ದಕ್ಕೆ, ಬಾಲದ ಮೇಲ್ಭಾಗದಲ್ಲಿ ಹೊಟ್ಟಿನ ಜೊತೆ ಉದುರಿದರೆ ನನಗೆ ಮೊದಲು ಅನುಮಾನ ಬರೋದು ಚೆಯ್ಲೆಟಿಯೆಲ್ಲಾ ಅನ್ನುವ ನುಸಿಯ ಮೇಲೆ. ಅರ್ಧ ಮಿಲಿಮೀಟರ್ ಕೂಡ ಇರದ ಹುಳ ಅದು. ಒಂದು ಕಪ್ಪು ಕಾಗದ ಹಾಸಿ ಅದರ ಮೇಲೆ ಮೊಲವನ್ನು ಮೆಲ್ಲಗೆ ಬಾಚಿ. ಬಿದ್ದ ಪುಡಿಯನ್ನು ಒಳ್ಳೆ ಬೆಳಕಲ್ಲಿ ಕಣ್ಣಿಟ್ಟು ನೋಡಿ, ಕೆಲವು ಚೂರು ತಾವಾಗಿಯೇ ಸರಿದಾಡಿದರೆ ನುಸಿ ಇದೆ ಅಂತ ಲೆಕ್ಕ. ಕಾಣದಿದ್ದರೆ ಇಲ್ಲ ಅಂತಲ್ಲ. ಹಾಗಾಗಿ ಸೆಲೋಟೇಪ್ ಅಂಟಿಸಿ ಹೊಟ್ಟು, ಕೂದಲು ಎತ್ತಿಕೊಂಡು ಹೋಗಿ, ಡಾಕ್ಟರು ಮೈಕ್ರೋಸ್ಕೋಪ್‌ನಲ್ಲಿ ನೋಡುತ್ತಾರೆ. ನಿಮ್ಮ ಮಗಳ ಕೈಯ ಗುಳ್ಳೆಯೂ ಇದೇ ಕಡೆ ಬೆರಳು ತೋರಿಸುತ್ತದೆ. ಈ ನುಸಿ ಮನುಷ್ಯರನ್ನು ಕಚ್ಚುತ್ತದೆ, ಆದರೆ ನಮ್ಮ ಮೈಮೇಲೆ ಸಂಸಾರ ಹೂಡುವುದಿಲ್ಲ. ಮೊಲಕ್ಕೆ ವಾಸಿಯಾದರೆ ಮಗಳಿಗೂ ಕಡಿಮೆ ಆಗುತ್ತದೆ.

ಆದರೂ ಮಗಳನ್ನು ಒಮ್ಮೆ ಚರ್ಮದ ಡಾಕ್ಟರಿಗೆ ತೋರಿಸಿ. ಯಾಕೆ ಅಂದರೆ ಇನ್ನೊಂದು ಅನುಮಾನವೂ ಇದೆ: ಫಂಗಸ್‌ನಿಂದ ಬರುವ ಹುಳುಕಡ್ಡಿ, ಕೆಲವರು ಗಜಕರ್ಣ ಅಂತಾರಲ್ಲ, ಅದು. ಮೊಲಕ್ಕೆ ಅದು ಸಾಮಾನ್ಯವಾಗಿ ಮುಖ, ಕಿವಿ, ಪಾದದಲ್ಲಿ ಶುರುವಾಗುತ್ತದೆ, ಗುಂಡಗೆ, ಹಕ್ಕಳೆ ಕಟ್ಟಿಕೊಂಡು. ಅದೂ ಮಕ್ಕಳಿಗೆ ಅಂಟುತ್ತದೆ. ನೀಲಿ ದೀಪ ಹಿಡಿದು ಹೊಳೆಯಲಿಲ್ಲ, ಹಾಗಾಗಿ ಫಂಗಸ್ ಇಲ್ಲ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಮೊಲಗಳಿಗೆ ಜಾಸ್ತಿ ಬರುವ ಟ್ರೈಕೊಫೈಟಾನ್ ಜಾತಿಯ ಫಂಗಸ್ ಆ ಬೆಳಕಿಗೆ ಹೊಳೆಯುವುದೇ ಇಲ್ಲ. ಕೂದಲು ಕಿತ್ತು ಕಲ್ಚರ್‌ಗೆ, ಅಂದರೆ ಲ್ಯಾಬಿನಲ್ಲಿ ಫಂಗಸ್ ಬೆಳೆಸಿ ನೋಡೋಕೆ, ಕಳಿಸಬೇಕು, ಅದಕ್ಕೆ 2-3 ವಾರ ಹಿಡಿಯಬಹುದು.

ಬೋಳಾದ ಜಾಗದಲ್ಲಿ ಚರ್ಮ ನುಣ್ಣಗೆ, ಹೊಟ್ಟಿಲ್ಲದೆ ಇದ್ದು, ಹೊಸ ಕೂದಲು ಮೊಳೆಯುತ್ತಿದ್ದರೆ ಅದು ಬರೀ ಕೂದಲು ಬದಲಾಯಿಸುವ ಕಾಲ, ಸುಮ್ನೆ ಬಾಚುತ್ತಾ ಇರಿ. ನಿಮ್ಮದು ಹಾಗಲ್ಲ. ಮೂಗು, ತುಟಿ, ಉಗುರಿನ ಸುತ್ತ ದಪ್ಪ ಹಕ್ಕಳೆ ಬಂದರೆ ಕಜ್ಜಿ. ಕಿವಿಯೊಳಗೆ ಪದರಪದರ ಹಕ್ಕಳೆ ಬಂದರೆ ಕಿವಿ ನುಸಿ. ಅದನ್ನು ಕೀಳೋಕೆ ಹೋಗಬೇಡಿ, ವಿಪರೀತ ನೋವಾಗುತ್ತದೆ, ಔಷಧಿ ಬಿದ್ದ ಮೇಲೆ ತಾನೇ ಉದುರುತ್ತದೆ.

ನುಸಿ ಅಂತ ಖಾತ್ರಿಯಾದರೆ ಡಾಕ್ಟರು ಸೆಲಮೆಕ್ಟಿನ್ ಹನಿ ಇಲ್ಲವೇ ಐವರ್ಮೆಕ್ಟಿನ್ ಇಂಜೆಕ್ಷನ್ ಕೊಡುತ್ತಾರೆ, ಮೊಲವನ್ನು ತೂಕ ಮಾಡಿಯೇ. ಒಂದು ಡೋಸಿಗೆ ಮುಗಿಯುವುದಿಲ್ಲ. ಮೊಟ್ಟೆಗಳು ಉಳಿದಿರುತ್ತವೆ, ಕೆಲವು ವಾರಗಳ ಅಂತರದಲ್ಲಿ ಮತ್ತೆ ಕೊಡಬೇಕು. ಮೊದಲ ಡೋಸಿಗೇ ತುರಿಕೆ ಕಡಿಮೆ ಆಯ್ತು ಅಂತ ನಿಲ್ಲಿಸುವವರೇ ಎರಡು ತಿಂಗಳಲ್ಲಿ ವಾಪಸ್ ಬರೋದು. ಈ ನುಸಿ ಮೊಲದ ಮೈ ಬಿಟ್ಟು ಹೊರಗೂ ಕೆಲವು ದಿನ ಬದುಕುತ್ತದೆ, ಹಾಗಾಗಿ ಹಾಸಿದ ಹುಲ್ಲು ಎಸೆಯಿರಿ, ಬಟ್ಟೆ ಬಿಸಿನೀರಲ್ಲಿ ಒಗೆಯಿರಿ, ಮೊಲ ಅಡಗುವ ರಟ್ಟಿನ ಡಬ್ಬ ಬದಲಾಯಿಸಿ. ಮನೆಯಲ್ಲಿ ಇನ್ನೊಂದು ಮೊಲ ಇದ್ದರೆ ಅದಕ್ಕೂ ಔಷಧಿ ಬೇಕು.

ನಿಮ್ಮ ಹತ್ತಿರ ಮೊಲ ನೋಡುವವರು ಸಿಗದಿದ್ದರೆ ಮುಂಬೈನ ಪರೇಲ್ ಇದೆ. ಬಾಯಿ ಸಕರ್‌ಬಾಯಿ ಪ್ರಾಣಿ ಆಸ್ಪತ್ರೆ ಮತ್ತು 1886ರಲ್ಲಿ ಶುರುವಾದ ಬಾಂಬೆ ವೆಟರ್ನರಿ ಕಾಲೇಜು ಎರಡೂ ಅಲ್ಲೇ. ಮೊಲ ನೋಡುವ ಡಾಕ್ಟರು ಯಾವಾಗ ಇರುತ್ತಾರೆ ಅಂತ ಮೊದಲು ಫೋನ್ ಮಾಡಿ ಕೇಳಿ. ಬೆಳಗಿನ ಲೋಕಲ್ ರಶ್‌ನಲ್ಲಂತೂ ಹೊರಡಬೇಡಿ, ಮೊಲ ಅಲ್ಲೇ ಅರ್ಧ ಜೀವ ಆಗುತ್ತದೆ. ಬುಟ್ಟಿಯಲ್ಲಿ ಟವೆಲ್ ಹಾಸಿ, ತಿನ್ನೋಕೆ ಸ್ವಲ್ಪ ಹುಲ್ಲು ಇಡಿ.

ಪ್ರಶ್ನೆ: ಪುಣೆಯ ಕೋಥ್ರೂಡ್‌ನಿಂದ. ನಮ್ಮ ಹೆಣ್ಣು ಮೊಲ ತನ್ನ ಎದೆಯ ಕೂದಲು ತಾನೇ ಕಿತ್ತು ಮೂಲೆಯಲ್ಲಿ ಗುಡ್ಡೆ ಹಾಕುತ್ತಿದೆ. ಬಾಯಲ್ಲಿ ಪೇಪರ್ ಚೂರು ಹಿಡಿದು ಓಡಾಡುತ್ತದೆ. ಚರ್ಮರೋಗವಾ?

ಉತ್ತರ: ಅಲ್ಲ, ಬಾಣಂತನದ ತಯಾರಿ. ಗಂಡು ಇಲ್ಲದಿದ್ದರೂ ಮೊಲಗಳಿಗೆ ಸುಳ್ಳು ಗರ್ಭ ನಿಲ್ಲುತ್ತದೆ, ಸುಮಾರು 16-18 ದಿನಕ್ಕೆ ತಾನೇ ಹೋಗುತ್ತದೆ. ಗೂಡು ಕೆಡಿಸಬೇಡಿ, ಎದೆಗೆ ಏನೂ ಹಚ್ಚಬೇಡಿ. ಜೊತೆಗೆ ಇನ್ನೊಂದು ಮೊಲ ಇದೆಯಾ? ಇದ್ದರೆ ಅದು ಗಂಡೋ ಹೆಣ್ಣೋ ಡಾಕ್ಟರಿಗೆ ತೋರಿಸಿ ಖಾತ್ರಿ ಮಾಡಿಕೊಳ್ಳಿ. ಅಂಗಡಿಯವರು ಎರಡೂ ಹೆಣ್ಣು ಅಂತ ಕೊಟ್ಟಿರುತ್ತಾರೆ, ತಿಂಗಳಿಗೆ ಮನೆ ತುಂಬಾ ಮರಿ! ಪದೇಪದೇ ಹೀಗಾದರೆ ಗರ್ಭಕೋಶ ತೆಗೆಸುವುದು ಒಳ್ಳೆಯದು. ವಯಸ್ಸಾದ ಹೆಣ್ಣು ಮೊಲಗಳಿಗೆ ಅಲ್ಲಿ ಕ್ಯಾನ್ಸರ್ ಬರುವುದು ತುಂಬಾ ಸಾಮಾನ್ಯ.

ಪ್ರಶ್ನೆ: ಗೋವಾದ ವಾಸ್ಕೋದಿಂದ. ಮಳೆ ಶುರುವಾದಾಗಿನಿಂದ ಮೊಲದ ಗದ್ದದ ಕೆಳಗೆ ಸದಾ ಒದ್ದೆ. ಈಗ ಕೂದಲು ಹೋಗಿದೆ, ವಾಸನೆ ಬರುತ್ತಿದೆ, ಉಳಿದ ಕೂದಲಿಗೆ ಹಸಿರು ಬಣ್ಣ. ಮೆಡಿಕಲ್ ಶಾಪಿನ ತುರಿಕೆ ಕ್ರೀಮ್ ಹಚ್ಚಬಹುದೇ?

ಉತ್ತರ: ಬೇಡ. ಅಂಥ ಕ್ರೀಮ್‌ಗಳಲ್ಲಿ ಹೆಚ್ಚಿನವಕ್ಕೆ ಸ್ಟೀರಾಯ್ಡ್ ಬೆರೆಸಿರುತ್ತಾರೆ, ಮೊಲ ಅದನ್ನು ತಡೆದುಕೊಳ್ಳುವುದಿಲ್ಲ. ಹಸಿರು ಬಣ್ಣ ಸ್ಯೂಡೊಮೊನಾಸ್ ಅನ್ನುವ ಬ್ಯಾಕ್ಟೀರಿಯಾದ್ದು, ಒದ್ದೆ ಚರ್ಮದಲ್ಲಿ ಬೆಳೆಯುತ್ತದೆ. ಒದ್ದೆ ಯಾಕೆ ಆಗುತ್ತಿದೆ ಅನ್ನೋದನ್ನು ಮೊದಲು ಹಿಡಿಯಬೇಕು. ಅಗಲದ ಬಟ್ಟಲಲ್ಲಿ ನೀರು ಕುಡಿಯುವಾಗ ಗಂಗೆದೊಗಲು, ಅಂದರೆ ಗದ್ದದ ಕೆಳಗೆ ಜೋಲುವ ಚರ್ಮ, ನೀರಿಗಿಳಿಯುತ್ತದಾ ನೋಡಿ, ಹಾಗಿದ್ದರೆ ಕಿರಿದಾದ ಭಾರದ ಬಟ್ಟಲು ಇಡಿ. ಅದಲ್ಲ ಅಂದರೆ ಜೊಲ್ಲು. ಹಿಂದಿನ ಹಲ್ಲು ಉದ್ದ ಬೆಳೆದು ನಾಲಿಗೆಗೆ ಚುಚ್ಚುತ್ತಿರಬಹುದು. ಒಣ ಹುಲ್ಲು ಬಿಟ್ಟು ಬರೀ ಪೆಲೆಟ್, ಕ್ಯಾರೆಟ್ ತಿಂದು ಬೆಳೆದ ಮೊಲಗಳಿಗೆ ಇದು ಜಾಸ್ತಿ.

ಡಾಕ್ಟರು ಅಲ್ಲಿಯ ಕೂದಲು ಕತ್ತರಿಸಿ, ಶುಚಿ ಮಾಡಿ ಔಷಧಿ ಕೊಡುತ್ತಾರೆ. ನೀವೇ ಕತ್ತರಿ ಹಿಡಿಯಬೇಡಿ, ಮೊಲದ ಚರ್ಮ ತೀರಾ ತೆಳು, ಕೂದಲಿನ ಜೊತೆ ಅದೂ ಬರುತ್ತದೆ. ಮನೆಯಲ್ಲಿ ಉಳಿದ ಅಮಾಕ್ಸಿಸಿಲಿನ್ ಬಾಯಿಗೆ ಹಾಕಿದರೆ ಕರುಳಿನ ಒಳ್ಳೆ ಬ್ಯಾಕ್ಟೀರಿಯಾ ಸತ್ತು ಮೊಲವೇ ಹೋಗಬಹುದು. ಮಳೆಗಾಲದಲ್ಲಿ ಇನ್ನೊಂದು ಭಯ ನೊಣ. ಒದ್ದೆ, ವಾಸನೆ ಇದ್ದ ಕಡೆ ಮೊಟ್ಟೆ ಇಡುತ್ತದೆ, ಒಂದೇ ದಿನದಲ್ಲಿ ಹುಳ ಆಗಿ ಮಾಂಸ ತಿನ್ನೋಕೆ ಶುರು ಮಾಡಬಹುದು. ಬೆಳಗ್ಗೆ, ಸಂಜೆ ಗದ್ದದ ಕೆಳಗೂ ಬಾಲದ ಕೆಳಗೂ ಕೂದಲು ಬಿಡಿಸಿ ನೋಡಿ. ಹುಳ ಕಂಡರೆ, ಇಲ್ಲವೇ 12 ಗಂಟೆ ಏನೂ ತಿನ್ನದಿದ್ದರೆ, ನಾಳೆ ನೋಡೋಣ ಅನ್ನಬೇಡಿ. ರಾತ್ರಿಯಾದರೂ ಸರಿ, ಹೊರಡಿ.