ಮಗಳ ಬ್ಯಾಗಿನಲ್ಲಿ ಬಂದ ಚೀಟಿ

ಬರ್ಮಿಂಗ್‌ಹ್ಯಾಮಿಗೆ ಬಂದು ಇನ್ನೂ ಮೂರು ತಿಂಗಳು. ಅಷ್ಟರಲ್ಲಿ ಇಯರ್ ಫೈವ್ (ಒಂಬತ್ತು-ಹತ್ತು ವರ್ಷದ ಮಕ್ಕಳ ತರಗತಿ) ಓದುವ ಮಗಳ ಬ್ಯಾಗಿನಲ್ಲಿ ‘ಮುಂದಿನ ವಾರ ಮೈನೆರೆಯುವ ಪಾಠ’ ಅಂತ ಚೀಟಿ ಬಂದಿದೆ, ಅವತ್ತು ಶಾಲೆ ತಪ್ಪಿಸಲಾ ಅಕ್ಕಾ ಅಂತ ಕೇಳಿದ್ದೀರಿ. ಬೇಡ ತಂಗಿ. ಆ ಕೆಲಸ ನಾನು ಮಾಡಿ ನೋಡಿದ್ದೀನಿ.

ದೊಡ್ಡವಳ ಸರದಿ ಬಂದಾಗ ಹೊಟ್ಟೆನೋವು ಅಂತ ಸುಳ್ಳು ಹೇಳಿ ಮನೇಲೇ ಇಟ್ಟುಕೊಂಡೆ. ಮಾರನೇ ದಿನ ಆಟದ ಬಯಲಲ್ಲಿ ಗೆಳತಿಯೊಬ್ಬಳು ಅವಳಿಗೆ ಪಾಠ ಒಪ್ಪಿಸಿದಳು: ಒಂದ್ಸಲ ರಕ್ತ ಶುರುವಾದರೆ ಸಾಯೋತನಕ ನಿಲ್ಲಲ್ಲವಂತೆ! ಮಗು ನನಗೇನೂ ಹೇಳದೆ ಎರಡು ರಾತ್ರಿ ದೀಪ ಹಾಕಿಕೊಂಡೇ ಮಲಗಿತು.

ನಮ್ಮ ಕಥೆಯೇ ವಿಚಿತ್ರ ನೋಡಿ. ಊರಲ್ಲಿ ನಾನು ದೊಡ್ಡವಳಾದಾಗ ಆರತಿ ಮಾಡಿ, ಚಿಗಳಿ ಉಂಡೆ ಹಂಚಿ, ಬೀದಿಗೆಲ್ಲ ಗೊತ್ತು ಮಾಡಿದರು. ಏನಾಗ್ತಿದೆ ಅಂತ ನನಗೊಬ್ಬಳಿಗೆ ಯಾರೂ ಹೇಳಲಿಲ್ಲ. ತಮ್ಮ ಕೇಳಿದರೆ ‘ಅಕ್ಕನ್ನ ಕಾಗೆ ಮುಟ್ಟಿದೆ’.

ಈಗ ನಿಯಮ. 2020ರ ಸೆಪ್ಟೆಂಬರ್‌ನಿಂದ ಇಂಗ್ಲೆಂಡಿನ ಪ್ರೈಮರಿಗಳಲ್ಲಿ ರಿಲೇಶನ್‌ಶಿಪ್ಸ್ ಪಾಠ, ಅಂದರೆ ಮನೆಯವರು, ಗೆಳೆಯರ ಜೊತೆಗಿನ ಸಂಬಂಧಗಳ ಪಾಠ, ಕಡ್ಡಾಯ. ಸರ್ಕಾರಿ ಶಾಲೆಗಳಲ್ಲಿ ಮೈನೆರೆಯುವ ವಿಷಯವೂ ಕಡ್ಡಾಯ. ಇವೆರಡರಿಂದ ಮಗುವನ್ನು ಬಿಡಿಸಿಕೊಳ್ಳೋಕೆ ಬರೋಲ್ಲ. ಮಗು ಹೇಗೆ ಆಗುತ್ತೆ ಅಂತ ಹೇಳಿಕೊಡೋ ಸೆಕ್ಸ್ ಎಜುಕೇಶನ್ ಅನ್ನೋದು ಬೇರೆ. ಪ್ರೈಮರಿಯಲ್ಲಿ ಅದು ಕಡ್ಡಾಯವಲ್ಲ, ಬೇಡ ಅಂತ ನೀವು ಬರೆದುಕೊಟ್ಟರೆ ಹೆಡ್‌ಟೀಚರ್ ಒಪ್ಪಲೇಬೇಕು. ಸೈನ್ಸ್ ಪಾಠದಲ್ಲಿ ಬರೋದಕ್ಕೆ ಮಾತ್ರ ಆ ವಿನಾಯಿತಿ ಇಲ್ಲ.

ವಾಟ್ಸಾಪಿನಲ್ಲಿ ಬರೋದನ್ನೆಲ್ಲ ನಂಬಬೇಡಿ. 2019ರಲ್ಲಿ ಇದೇ ಊರಿನ ಆಂಡರ್ಟನ್ ಪಾರ್ಕ್ ಶಾಲೆ ಮುಂದೆ, ಸಲಿಂಗಿಗಳ ವಿಷಯ ಮಕ್ಕಳಿಗೆ ಹೇಳ್ತಾರೆ ಅಂತ, ಮೈಕು ಹಿಡಿದು ವಾರಗಟ್ಟಲೆ ಗಲಾಟೆ. ಕೊನೆಗೆ ಹೈಕೋರ್ಟು ಶಾಲೆಯ ಸುತ್ತ ಪ್ರತಿಭಟನೆಯನ್ನೇ ನಿಷೇಧಿಸಿತು. ಅಲ್ಲಿ ಕಲಿಸುತ್ತಿದ್ದುದನ್ನು ವಿಪರೀತ ತಿರುಚಿ ಹಬ್ಬಿಸಿದ್ದರು ಅಂತಲೂ ನ್ಯಾಯಾಧೀಶರು ಹೇಳಿದರು. ಅಪ್ಪ ಅಮ್ಮಂದಿರ ಭಯ ಸುಳ್ಳು ಅಂತ ನಾನನ್ನಲ್ಲ. ಮೈಕು ಹಿಡಿದರೆ ಆ ಭಯ ಮಕ್ಕಳ ಕಿವಿಗೇ ಮೊದಲು ಬೀಳುತ್ತೆ, ಅಷ್ಟೇ.

ಇಬ್ಬರು ಅಮ್ಮಂದಿರ ಮನೆ, ಹುಡುಗನಾಗಿ ಹುಟ್ಟಿ ಹೆಂಗಸಾಗಿ ಬಾಳೋರು, ಇವೆಲ್ಲ ಇಲ್ಲಿನ ಹುಚ್ಚು ಅಂತ ನಮ್ಮತ್ತೆ ಗೊಣಗುತ್ತಿದ್ದರು. ‘ಎಲ್ಲಮ್ಮನ ಗುಡ್ಡದ ಜೋಗಪ್ಪಂದಿರಿಗೆ ಕೈ ಮುಗಿದಿಲ್ವಾ ಅತ್ತೆ? ಜೋಗತಿ ಮಂಜಮ್ಮನಿಗೆ 2021ರಲ್ಲಿ ಪದ್ಮಶ್ರೀ ಬಂತಲ್ಲ?’ ಅಂದೆ. ‘ಅದು ದೇವರದ್ದು’ ಅಂದರು. ಆದರೆ ಮೊಮ್ಮಗನ ಗೆಳೆಯನ ಇಬ್ಬರು ಅಮ್ಮಂದಿರೂ ಬಾಗಿಲಿಗೆ ಬಂದಾಗ ಇಬ್ಬರಿಗೂ ಚಕ್ಕುಲಿ ಕಟ್ಟಿಕೊಟ್ಟರು.

ಪಾಠದ ಸ್ಲೈಡುಗಳನ್ನು ಮೊದಲೇ ತೋರಿಸಿ ಅಂತ ಶಾಲೆಯನ್ನು ಕೇಳಿ. ನಮ್ಮ ಚಿಕ್ಕವಳ ಸಲ ನಾನೂ ಕೇಳಿ ನೋಡಿ ಬಂದೆ. ಚೀಟಿ ಬಂದ ರಾತ್ರಿಯೇ ಮಗಳಿಗೆ ‘ಮುಟ್ಟು’ ಅನ್ನೋ ಪದ ಹೇಳಿಕೊಡಿ, ಇಂಗ್ಲಿಷಿಗಿಂತ ಮೊದಲು. ಶಾಲೆಗೆ ಹೋಗುವಾಗ ಯಜಮಾನರನ್ನೂ ಒಳಗೆ ಕರಕೊಂಡು ಹೋಗಿ. ನಮ್ಮವರು ಕಾರಲ್ಲೇ ಕೂತಿದ್ದರು.