ಡೊನೆಪೆಜಿಲ್ ಬಿಡಿಸಿ ಗಿಂಕ್ಗೊ ಕೊಡಬಹುದಾ?

ಮರೆವಿಗೆ ಕೊಟ್ಟ ಡೊನೆಪೆಜಿಲ್ ಮಾತ್ರೆ ತಗೊಂಡರೆ ಅತ್ತೆಗೆ ಹೊಟ್ಟೆ ತೊಳಸುತ್ತೆ, ಅದಕ್ಕೆ ಅದನ್ನು ನಿಲ್ಲಿಸಿ ಗಿಂಕ್ಗೊ (ಒಂದು ಮರದ ಎಲೆಯ ಸಾರ) ಕ್ಯಾಪ್ಸೂಲ್, ಒಂದೆಲಗ ಶುರು ಮಾಡಲಾ ಅಂತ ಕೇಳಿದ್ದೀರಿ. ದಯವಿಟ್ಟು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ.

ಗಿಡದಿಂದ ಮರೆವಿಗೆ ಔಷಧಿ ಸಿಗುವುದೇ ಇಲ್ಲ ಅಂತಲ್ಲ. ಗ್ಯಾಲಂಟಮಿನ್ ಅಂತ ಮರೆವಿನ ಔಷಧಿ ಇದೆ, ಅದು ಸ್ನೋಡ್ರಾಪ್ ಹೂವಿನ ಗಿಡದಲ್ಲಿ ಸಿಕ್ಕಿದ್ದು, 1950ರ ದಶಕದಲ್ಲಿ ಬಲ್ಗೇರಿಯಾದಲ್ಲಿ ಅದರ ಮೇಲೆ ಕೆಲಸ ನಡೆಯಿತು, 2001ರಲ್ಲಿ ಅಮೆರಿಕದಲ್ಲಿ ಮರೆವಿನ ಕಾಯಿಲೆ ಆಲ್ಝೈಮರ್ಸ್‌ಗೆ ಒಪ್ಪಿಗೆಯೂ ಸಿಕ್ಕಿತು. ಅದು ನೆನಪಿಗೆ ಬೇಕಾದ ರಾಸಾಯನಿಕ ಅಸಿಟೈಲ್‌ಕೋಲಿನ್ ಮಿದುಳಿನಲ್ಲಿ ಬೇಗ ಒಡೆದುಹೋಗದಂತೆ ತಡೆಯುತ್ತದೆ. ಡೊನೆಪೆಜಿಲ್ ಮಾಡುವುದೂ ಇದನ್ನೇ. ಎರಡರಿಂದಲೂ ಕಾಯಿಲೆ ವಾಸಿಯಾಗುವುದಿಲ್ಲ, ಸ್ವಲ್ಪ ಕಾಲ ಸುಧಾರಿಸಬಹುದು ಅಷ್ಟೇ.

ಗಿಂಕ್ಗೊ ಕಥೆ ಬೇರೆ. ಅಮೆರಿಕದಲ್ಲಿ 75 ಮತ್ತು ಅದಕ್ಕಿಂತ ಜಾಸ್ತಿ ವಯಸ್ಸಿನ 3,069 ಜನರಲ್ಲಿ ಅರ್ಧದಷ್ಟು ಮಂದಿಗೆ ದಿನಕ್ಕೆರಡು ಸಲ 120 ಮಿಲಿಗ್ರಾಂ ಗಿಂಕ್ಗೊ, ಉಳಿದವರಿಗೆ ಔಷಧಿಯೇ ಇಲ್ಲದ ಮಾತ್ರೆ ಕೊಟ್ಟು ಸುಮಾರು ಆರು ವರ್ಷ ನೋಡಿದರು. 2008ರಲ್ಲಿ ಫಲಿತಾಂಶ ಬಂತು: ಡಿಮೆನ್ಶಿಯಾ (ವಯಸ್ಸಾದವರ ಮರೆವಿನ ಕಾಯಿಲೆ) ಬರುವುದು ಕಡಿಮೆಯಾಗಲಿಲ್ಲ. ಅತ್ತೆ ರಕ್ತ ತೆಳುವಾಗುವ ಮಾತ್ರೆ ತಗೊಳ್ತಿದ್ದರೆ ಗಿಂಕ್ಗೊದಿಂದ ರಕ್ತಸ್ರಾವದ ಭಯವೂ ಇದೆ.

ಒಂದೆಲಗದ ತಂಬುಳಿ ಧಾರಾಳವಾಗಿ ಮಾಡಿ. ಕಾಯಿ, ಜೀರಿಗೆ ಜೊತೆ ರುಬ್ಬಿ ಮಜ್ಜಿಗೆ ಬೆರೆಸಿದರೆ ಅನ್ನಕ್ಕೆ ಚೆನ್ನಾಗಿರುತ್ತದೆ, ಆದರೆ ಅದು ಮಾತ್ರೆಯ ಜಾಗಕ್ಕೆ ಬರುವುದಿಲ್ಲ.

ಹೊಟ್ಟೆ ತೊಳಸುವುದು ಈ ಮಾತ್ರೆಗೆ ಮಾಮೂಲು, ಡೋಸ್ ಇಳಿಸಬಹುದಾ ಅಂತ ಡಾಕ್ಟರನ್ನು ಕೇಳಿ. ಬಿ12, ಥೈರಾಯ್ಡ್ ಪರೀಕ್ಷೆ ಮಾಡಿಸಿದ್ದೀರಾ? ಅವೆರಡು ಕಡಿಮೆಯಾದರೂ ಮರೆವು ಬರುತ್ತದೆ, ಅದಕ್ಕೆ ಚಿಕಿತ್ಸೆ ಸುಲಭ.