ಪೆಸಿಫಿಕ್ ಕ್ರೆಸ್ಟ್ ಟ್ರೇಲ್‌ನ ಮೊದಲ 175 ಕಿ.ಮೀ.ಗೆ ಎಷ್ಟು ನೀರು ಹೊರಬೇಕು?

ಅಮೆರಿಕದ ಪಶ್ಚಿಮ ಭಾಗದಲ್ಲಿ ಮೆಕ್ಸಿಕೋ ಗಡಿಯಿಂದ ಕೆನಡಾ ಗಡಿ ತನಕ ಹೋಗುವ ಕಾಲುದಾರಿ ಈ ಪೆಸಿಫಿಕ್ ಕ್ರೆಸ್ಟ್ ಟ್ರೇಲ್. ನೀವು ಏಪ್ರಿಲ್ ಕೊನೆಯಲ್ಲಿ ಮೆಕ್ಸಿಕೋ ಗಡಿಯ ಕ್ಯಾಂಪೋದಿಂದ ವಾರ್ನರ್ ಸ್ಪ್ರಿಂಗ್ಸ್ ತನಕ ನಡೆಯಬೇಕು ಅಂದಿದ್ದೀರಿ. ನೀರು ಎಷ್ಟು ಹೊರಬೇಕು, ದಾರಿಯ ಸ್ಥಿತಿ ಮೊದಲೇ ಹೇಗೆ ತಿಳಿಯುವುದು ಎಂಬುದು ನಿಮ್ಮ ಪ್ರಶ್ನೆ. ನಾನಿರುವುದು ದಕ್ಷಿಣ ಕ್ಯಾಲಿಫೋರ್ನಿಯಾದಲ್ಲೇ, ಈ ದಾರಿ ನನಗೆ ತುಂಬಾ ಇಷ್ಟ. ಹಾಗಾಗಿ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ನಮ್ಮ ಪಶ್ಚಿಮ ಘಟ್ಟದಲ್ಲಿ ಮಳೆಗಾಲ ಮುಗಿದು ಎಷ್ಟೋ ದಿನವಾದರೂ ಹಳ್ಳಗಳಲ್ಲಿ ನೀರು ಇರುತ್ತದೆ. ಆ ಅಭ್ಯಾಸದಲ್ಲಿ ಇಲ್ಲಿಗೆ ಬರಬೇಡಿ. ಇಲ್ಲಿ ಮಳೆ ಬರುವುದೇ ಚಳಿಗಾಲದಲ್ಲಿ, ಅದೂ ಕಡಿಮೆ. ನಕ್ಷೆಯಲ್ಲಿ ನೀಲಿ ಗೆರೆ ಇದ್ದರೂ ಹಳ್ಳದಲ್ಲಿ ಬರೀ ಮರಳು ಇರಬಹುದು. 25ನೇ ಕಿ.ಮೀ. ಹತ್ತಿರದ ಹೌಸರ್ ಕ್ರೀಕ್ ಎಷ್ಟೋ ಸಲ ಒಣಗಿರುತ್ತದೆ. ಅದನ್ನು ದಾಟಿದ ಕೂಡಲೇ ಕಡಿದಾದ ಏರು ಬೇರೆ. ಆದ್ದರಿಂದ 32ನೇ ಕಿ.ಮೀ.ನ ಲೇಕ್ ಮೊರೇನಾ ತನಕ ಸಾಕಾಗುವ ನೀರನ್ನು ಕ್ಯಾಂಪೋದಲ್ಲೇ ತುಂಬಿಕೊಳ್ಳಿ.

ನಿಜವಾದ ಪರೀಕ್ಷೆ ಸಿಝರ್ಸ್ ಕ್ರಾಸಿಂಗ್‌ನಲ್ಲಿ, ಅಂದರೆ ಸುಮಾರು 124ನೇ ಕಿ.ಮೀ.ನಲ್ಲಿ. ಅಲ್ಲಿಂದ ಬ್ಯಾರೆಲ್ ಸ್ಪ್ರಿಂಗ್ ತನಕ 38 ಕಿ.ಮೀ. ಒಂದೇ ಒಂದು ಸಹಜ ನೀರಿನ ಸೆಲೆ ಇಲ್ಲ. ಸ್ಯಾನ್ ಫೆಲಿಪೆ ಗುಡ್ಡಗಳಲ್ಲಿ ನೆರಳೂ ಇಲ್ಲ, ಎಲ್ಲಿ ನೋಡಿದರೂ ಕಳ್ಳಿ, ಕತ್ತಾಳೆ. ನಡುವೆ ಥರ್ಡ್ ಗೇಟ್ ಎಂಬಲ್ಲಿ ಸ್ವಯಂಸೇವಕರು ನೀರು ಹೊತ್ತು ತಂದು ಇಡುತ್ತಾರೆ. ದೊಡ್ಡ ಮನಸ್ಸಿನ ಕೆಲಸ ಅದು. ಆದರೆ ದಯವಿಟ್ಟು ಅದನ್ನು ನಿಮ್ಮ ಲೆಕ್ಕಕ್ಕೆ ಸೇರಿಸಬೇಡಿ. ನೀವು ತಲುಪುವ ಹೊತ್ತಿಗೆ ಖಾಲಿಯಾಗಿದ್ದರೆ ಹಿಂದೆ ಹೋದರೂ ದೂರ, ಮುಂದೆ ಹೋದರೂ ದೂರ.

ನನ್ನ ಲೆಕ್ಕ ಹೀಗೆ: ತಂಪಿದ್ದರೆ 8 ಕಿ.ಮೀ.ಗೆ ಒಂದು ಲೀಟರ್, ಬಿಸಿಲು ಜಾಸ್ತಿ ಇದ್ದರೆ 5 ಕಿ.ಮೀ.ಗೆ ಒಂದು, ರಾತ್ರಿ ತಂಗಲು ಇನ್ನೊಂದು. ಈ ಭಾಗಕ್ಕೆ ಸೆಕೆಯಲ್ಲಿ ಎಂಟೂವರೆ ಲೀಟರ್ ಹತ್ತಿರ ಬರುತ್ತದೆ. ಎಂಟೂವರೆ ಲೀಟರ್ ಅಂದರೆ ಎಂಟೂವರೆ ಕೆ.ಜಿ., ಅಷ್ಟು ಹೊರುವುದು ಸುಲಭವಲ್ಲ. ಅದಕ್ಕೇ ಬಿಸಿಲು ಇಳಿದ ಮೇಲೆ ಹತ್ತಲು ಶುರು ಮಾಡಿ, ಮಾರನೇ ದಿನ ಬೆಳಕು ಹರಿಯುವ ಮೊದಲೇ ಹೊರಡಿ. ನೀರಿರುವ ಜಾಗದಲ್ಲೇ ಹೊಟ್ಟೆ ತುಂಬಾ ಕುಡಿದು, ಅಡುಗೆ ಮಾಡಿ ಉಂಡು, ಆಮೇಲೆ ಮುಂದೆ ನಡೆಯಿರಿ. ಒಣ ಭಾಗಕ್ಕೆ ಅವಲಕ್ಕಿ, ಚಟ್ನಿಪುಡಿ ಇಟ್ಟುಕೊಳ್ಳಿ. ಒಲೆ ಬೇಡ, ನೆನೆಸಲು ಸ್ವಲ್ಪ ನೀರು ಸಾಕು, ಬೆವರಿನಲ್ಲಿ ಹೋದ ಉಪ್ಪೂ ಸಿಗುತ್ತದೆ.

ಇನ್ನು ಮಾಹಿತಿ. ಈ ಟ್ರೇಲ್‌ಗೆ ಸ್ವಯಂಸೇವಕರೇ ನಡೆಸುವ ನೀರಿನ ವರದಿ ಇದೆ. ಚಾರಣಿಗರು ಬಳಸುವ ಫಾರೌಟ್ ಎಂಬ ನಕ್ಷೆ ಆ್ಯಪ್‌ನಲ್ಲೂ ನಡೆದು ಹೋದವರು ಬರೆದಿರುತ್ತಾರೆ. ಎರಡನ್ನೂ ನೋಡಿ, ಆದರೆ ಮೊದಲು ತಾರೀಖು ಓದಿ. ಸಣ್ಣಗೆ ಹರಿಯುತ್ತಿದೆ ಅಂತ ಮೂರು ವಾರದ ಹಿಂದೆ ಯಾರೋ ಬರೆದಿದ್ದರೆ, ಈಗ ಒಣಗಿದೆ ಅಂತಲೇ ತಿಳಿಯಿರಿ. ಒಂದೇ ಜಾಗದ ಎರಡು ಮೂರು ವರದಿ ಸಾಲಾಗಿ ಓದಿದರೆ ನೀರು ಎಷ್ಟು ಬೇಗ ಇಳಿಯುತ್ತಿದೆ ಅಂತ ಗೊತ್ತಾಗುತ್ತದೆ. ಬೆಟ್ಟದಲ್ಲಿ ಸಿಗ್ನಲ್ ಎಲ್ಲ ಕಡೆ ಸಿಗುವುದಿಲ್ಲ, ಮೊದಲೇ ಡೌನ್‌ಲೋಡ್ ಮಾಡಿಕೊಳ್ಳಿ.

ಕಾಳ್ಗಿಚ್ಚಿನಿಂದ ದಾರಿ ಮುಚ್ಚಿದ್ದರೆ ಪೆಸಿಫಿಕ್ ಕ್ರೆಸ್ಟ್ ಟ್ರೇಲ್ ಅಸೋಸಿಯೇಷನ್ ಜಾಲತಾಣದಲ್ಲಿ ಇರುತ್ತದೆ. ಹವಾಮಾನಕ್ಕೆ ಸ್ಯಾನ್ ಡಿಯಾಗೋ ನಗರದ ಮುನ್ಸೂಚನೆ ನೋಡಿ ಪ್ರಯೋಜನವಿಲ್ಲ. ಈ ದಾರಿಯಲ್ಲೇ ಬರುವ ಮೌಂಟ್ ಲಗುನಾ ಸುಮಾರು 1,800 ಮೀಟರ್ ಎತ್ತರದಲ್ಲಿದೆ, ಏಪ್ರಿಲ್‌ನಲ್ಲೂ ಹಿಮ ಬೀಳಬಹುದು. ಸಿಝರ್ಸ್ ಕ್ರಾಸಿಂಗ್ ಸುಮಾರು 700 ಮೀಟರ್, ಅಲ್ಲಿ ಬೇಯುವಷ್ಟು ಸೆಕೆ. ಎರಡೂ ಜಾಗದ್ದು ಬೇರೆ ಬೇರೆಯಾಗಿ ನೋಡಿ. ಬೆಚ್ಚಗಿನ ಜಾಕೆಟ್ ಮನೆಯಲ್ಲಿ ಬಿಟ್ಟು ಬರಬೇಡಿ.

ಬ್ಯಾರೆಲ್ ಸ್ಪ್ರಿಂಗ್‌ನಲ್ಲಿ ನೀರು ತೊಟ್ಟಿಗೆ ಬೀಳುತ್ತದೆ, ಸೋಸಿಯೇ ಕುಡಿಯಿರಿ. ಅಲ್ಲಿಂದ ವಾರ್ನರ್ ಸ್ಪ್ರಿಂಗ್ಸ್‌ಗೆ 14 ಕಿ.ಮೀ. ಕೂಡ ಇಲ್ಲ, ತಂಪು ಹೊತ್ತಿನಲ್ಲಿ ನಡೆದರೆ ಎರಡು ಲೀಟರ್ ಸಾಕು.